ಚಿತ್ರಕಥೆಯ ವೀರರು ಮತ್ತು ಎಳೆಯ ಓದುಗರು

ನಮ್ಮ ವಿಜಯಪುರ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿಯ ಕೆಲಸ ಮುಗಿದ ಮೇಲೆ ದೊಡ್ಡಾಟ ಆಡುವ ರೂಢಿ ಹಿಂದಿನಿಂದಲೂ ನಡೆದುಬಂದಿದೆ. ಊರ ಮುಂದಿನ ಬಯಲಿನಲ್ಲಿ ಅಟ್ಟ ಕಟ್ಟುತ್ತಾರೆ. ರಾತ್ರಿ ಊಟವಾದ ಬಳಿಕ ಜನರು ಕಂಬಳಿ ಚಾಪೆಗಳನ್ನು ಹೊತ್ತುಕೊಂಡು ಬಂದು ಕೂಡುತ್ತಾರೆ. ಕಿರೀಟ, ಭುಜಕೀರ್ತಿಗಳಿಂದ ಅಲಂಕೃತನಾದ ವೀರನು ಅಟ್ಟ ನಡುಗುವಂತೆ ಹೆಜ್ಜೆ ಹಾಕುತ್ತ ಬರುತ್ತಾನೆ. ಅವನ ಅಬ್ಬರಕ್ಕೆ ಹೆದರಿದ ಮಗು ಅಜ್ಜನ ಕಂಬಳಿಯೊಳಗೆ ಮುಖ ಹುದುಗಿಸುತ್ತದೆ. “ಅಂಜಬ್ಯಾಡೋ ತಮ್ಮಾ, ಅಂವಾ ನಮ್ಮ ಓಣಿಯಾಂವನ ಅದಾನ, ಬಣ್ಣಾ ಹಚ್ಚಿಕೊಂಡು ನಿಂತಾನ” ಎಂದು ಅಜ್ಜನು ಅದರ ಕಿವಿಯಲ್ಲಿ ಹೇಳುತ್ತಾನೆ. ಮಗು ಮತ್ತೆ ಮುಖ ಹೊರಗೆ ಹಾಕಿ ಆಟ ನೋಡುತ್ತದೆ.

ದೊಡ್ಡಾಟದಲ್ಲಿ ಸಾರಥಿ ಎಂಬ ಪಾತ್ರವೊಂದಿರುತ್ತದೆ. ಎಂತಹ ಮಹಾವೀರನೇ ರಂಗಕ್ಕೆ ಬರಲಿ, ಸಾರಥಿಯು ಅವನನ್ನು ಮಾತನಾಡಿಸದೆ ಬಿಡುವುದಿಲ್ಲ. ನೀನು ಯಾರು, ಯಾವ ಊರಿನವನು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ವೀರನು ತನ್ನ ಹೆಸರು, ಪೌರುಷ, ಬಂದ ಉದ್ದೇಶ ಎಲ್ಲವನ್ನೂ ಹೇಳಿಕೊಂಡ ಮೇಲೆಯೇ ಕಥೆ ಮುಂದೆ ಸಾಗುವುದು. ಆದುದರಿಂದ ಮನುಷ್ಯನ ಅಳತೆಯನ್ನು ಮೀರಿದ ವೀರರು ನಮ್ಮ ಮಕ್ಕಳಿಗೆ ಹೊಸಬರಲ್ಲ. ಆದರೆ ಆ ವೀರರು ಬರುವಾಗ ಮಗುವಿನ ಪಕ್ಕದಲ್ಲಿ ಅಜ್ಜನಿದ್ದನು; ವೀರನ ಪಕ್ಕದಲ್ಲಿ ಸಾರಥಿಯಿದ್ದನು. ಈ ಎರಡು ಸಂಗತಿಗಳನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು.

ಇಂದು ವೀರನು ಪುಸ್ತಕವಾಗಿ ಮನೆಗೆ ಬರುತ್ತಾನೆ. ಅವನನ್ನು ಮಗುವು ಒಂಟಿಯಾಗಿ ಕಾಣುತ್ತದೆ. ಇದರಿಂದ ಏನಾಗಬಹುದು ಎಂಬುದು ನನಗೆ ಮನದಟ್ಟಾದದ್ದು ನನ್ನ ತಂಗಿಯ ಮನೆಯಲ್ಲಿ ನಡೆದ ಒಂದು ಘಟನೆಯಿಂದ.

ನನ್ನ ತಂಗಿಯನ್ನು ಕೊಟ್ಟದ್ದು ತಿಕೋಟಾಕ್ಕೆ. ಅವಳ ಗಂಡನಿಗೆ ದ್ರಾಕ್ಷಿಯ ತೋಟವಿದೆ. ಅವರಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ನಿಮ್ಮಂತೆಯೇ ಒಂಬತ್ತನೆಯ ತರಗತಿಯಲ್ಲಿ ಓದುವವನು. ಕಿರಿಯವನಿಗೆ ಆರು ವರ್ಷ. ದ್ರಾಕ್ಷಿ ಕೊಯ್ಲಿನ ದಿನಗಳು. ತಂದೆತಾಯಿಗಳು ಬೆಳಗಿನಿಂದ ಸಂಜೆಯವರೆಗೆ ಒಣದ್ರಾಕ್ಷಿಯ ಶೆಡ್ಡಿನಲ್ಲಿಯೇ ಇರುತ್ತಿದ್ದರು. ಹಿರಿಯ ಹುಡುಗನು ವಿಜಯಪುರದಲ್ಲಿ ಓದುತ್ತಿದ್ದ ಗೆಳೆಯನಿಂದ ಜಪಾನೀ ಚಿತ್ರಕಥೆಯೊಂದರ ನಾಲ್ಕಾರು ಸಂಪುಟಗಳನ್ನು ತಂದಿದ್ದನು. ಅವು ಇಂಗ್ಲಿಷಿನಲ್ಲಿದ್ದವು. ನಿಘಂಟನ್ನು ಪಕ್ಕಕ್ಕಿಟ್ಟುಕೊಂಡು ಅವನು ಓದುತ್ತಿದ್ದನು. ಅಣ್ಣನು ಶಾಲೆಗೆ ಹೋದಾಗ ತಮ್ಮನು ಅದೇ ಪುಸ್ತಕಗಳನ್ನು ತೆಗೆದು ನೋಡುತ್ತಿದ್ದನು.

ಒಂದು ದಿನ ಮಧ್ಯಾಹ್ನ ಆ ಚಿಕ್ಕ ಬಾಲಕನು ಅಪ್ಪನ ಕೆಂಪು ಟವೆಲನ್ನು ಹೆಗಲಿಗೆ ಕಟ್ಟಿಕೊಂಡು, ಮಾಳಿಗೆಯ ಮೇಲೇರಿ, ಕೈಗಳನ್ನು ಚಾಚಿ ಕೆಳಕ್ಕೆ ಹಾರಿದನು. ಕೆಳಗೆ ಜೋಳದ ಕಣಿಕೆ ಒಟ್ಟಿದ್ದರಿಂದ ಪ್ರಾಣಕ್ಕೆ ಅಪಾಯವಾಗಲಿಲ್ಲ. ಎಡಗೈಯ ಎಲುಬು ಮಾತ್ರ ಮುರಿಯಿತು. ಸುದ್ದಿ ತಿಳಿದು ನಾನು ವಿಜಯಪುರದಿಂದ ಹೋದಾಗ ಮಗು ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿತ್ತು. ಮೂಲೆಯಲ್ಲಿ ಹಿರಿಯವನು ತಲೆ ತಗ್ಗಿಸಿ ನಿಂತಿದ್ದನು. ಚಿತ್ರಕಥೆಯ ಪುಸ್ತಕಗಳು ಅಂಗಳದಲ್ಲಿ ಬಿದ್ದಿದ್ದವು.

“ನೀವು ಸಾಲಿ ಕಲಿಸಿದಾವ್ರು, ನೀವೇ ಹೇಳ್ರಿ. ಇಂಥಾ ಪುಸ್ತಕಾ ಮನ್ಯಾಗ ಇರಬೇಕೇನು? ಇವತ್ತ ಎಲ್ಲಾ ಒಲಿಗೆ ಹಾಕತೀನಿ” ಎಂದು ನನ್ನ ತಂಗಿಯ ಗಂಡ ಸಿಟ್ಟಿನಿಂದ ನುಡಿದನು. ತಂದೆಯ ಸಂಕಟ ಸಹಜವಾದದ್ದು. ಅದಕ್ಕೆ ನಾನು ಎದುರು ಹೇಳಲಿಲ್ಲ. ಹುಡುಗನನ್ನು ಹತ್ತಿರ ಕರೆದು, “ನಿನ್ನ ತಮ್ಮಗ ಈ ಪುಸ್ತಕಾ ಓದಾಕ ಬರತದೇನೋ?” ಎಂದು ಕೇಳಿದೆ.

“ಇಲ್ಲ ಮಾಮಾ. ಅಂವಾ ಓದೇ ಇಲ್ಲ. ಬರೇ ಚಿತ್ರಾ ನೋಡ್ಯಾನ” ಎಂದನು.

ಈ ಉತ್ತರವು ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಆ ರಾತ್ರಿ ದೀಪದ ಬೆಳಕಿನಲ್ಲಿ ಕುಳಿತು ನಾನೇ ಆ ಸಂಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ.

ಜಪಾನಿನಲ್ಲಿ ಚಿತ್ರಕಥೆಯನ್ನು ‘ಮಾಂಗಾ’ ಎನ್ನುತ್ತಾರೆ. ಅದನ್ನು ಬಲದಿಂದ ಎಡಕ್ಕೆ ಓದಬೇಕು; ನಮ್ಮ ಪುಸ್ತಕಗಳ ಕೊನೆಯ ಪುಟವಿರುವೆಡೆ ಅಲ್ಲಿ ಮೊದಲ ಪುಟ. ಚಿತ್ರಗಳು ಹೆಚ್ಚಾಗಿ ಕಪ್ಪು ಬಿಳುಪಿನವು. ಎರಡನೆಯ ಮಹಾಯುದ್ಧದ ನಂತರ ಈ ಕಲೆಯನ್ನು ಬೆಳೆಸಿದವರಲ್ಲಿ ಒಸಾಮು ತೆಜುಕಾ ಅವರ ಹೆಸರು ಮುಖ್ಯವಾದುದು. ವೈದ್ಯಶಾಸ್ತ್ರವನ್ನು ಓದಿದ್ದ ಅವರು 1952ರಿಂದ 1968ರವರೆಗೆ ‘ಆಟಮ್’ ಎಂಬ ಯಂತ್ರಬಾಲಕನ ಕಥೆಯನ್ನು ಚಿತ್ರಿಸಿದರು. ಜಪಾನಿನಲ್ಲಿ ಹುಡುಗರಿಗೆ, ಹುಡುಗಿಯರಿಗೆ, ವಯಸ್ಕರಿಗೆ ಬೇರೆ ಬೇರೆ ಚಿತ್ರಕಥಾ ಪತ್ರಿಕೆಗಳು ಹೊರಡುತ್ತವೆ. ಕಥೆ ಯಾವ ಪತ್ರಿಕೆಯಲ್ಲಿ ಬಂತು ಎಂಬುದರಿಂದಲೇ ಅದು ಯಾರಿಗಾಗಿ ಬರೆದದ್ದು ಎಂದು ತಿಳಿಯುತ್ತದೆ. 1968ರಲ್ಲಿ ಆರಂಭವಾದ ‘ಷೋನೆನ್ ಜಂಪ್’ ಎಂಬುದು ಹುಡುಗರ ಪತ್ರಿಕೆ. ‘ಷೋನೆನ್’ ಎಂದರೆ ಹುಡುಗ ಎಂದೇ ಅರ್ಥ.

ನನ್ನ ಅಳಿಯನು ತಂದಿದ್ದ ಕಥೆ ಈ ಪತ್ರಿಕೆಯಲ್ಲಿ ಬಂದದ್ದು. ಅದರ ಹೆಸರು ‘ಮೈ ಹೀರೋ ಅಕಾಡೆಮಿಯಾ’. ಕೊಹೇಯಿ ಹೊರಿಕೋಶಿ ಎಂಬವರು ಅದನ್ನು 2014ರ ಜುಲೈಯಿಂದ 2024ರ ಆಗಸ್ಟ್‌ವರೆಗೆ ವಾರವಾರವೂ ಬರೆದು ಮುಗಿಸಿದರು. ಒಟ್ಟು 42 ಸಂಪುಟಗಳಾಗಿವೆ. ಆ ಕಥೆಯ ಲೋಕದಲ್ಲಿ ಹುಟ್ಟುವ ಬಹುತೇಕ ಮಕ್ಕಳಿಗೆ ಒಂದೊಂದು ಅಸಾಧಾರಣ ಶಕ್ತಿ ಇರುತ್ತದೆ. ಒಬ್ಬನು ಬೆಂಕಿಯನ್ನು ಉಂಟುಮಾಡಬಲ್ಲನು, ಇನ್ನೊಬ್ಬಳು ವಸ್ತುಗಳನ್ನು ಗಾಳಿಯಲ್ಲಿ ತೇಲಿಸಬಲ್ಲಳು. ಕಥಾನಾಯಕನಾದ ಇಜುಕು ಎಂಬ ಬಾಲಕನಿಗೆ ಮಾತ್ರ ಏನೂ ಇಲ್ಲ. ಜೊತೆಯವರು ಅವನನ್ನು ಹಾಸ್ಯ ಮಾಡುತ್ತಾರೆ. ಒಂದು ದಿನ ದುಷ್ಟನೊಬ್ಬನ ಹಿಡಿತದಲ್ಲಿ ಸಹಪಾಠಿಯು ಉಸಿರುಗಟ್ಟಿ ಒದ್ದಾಡುತ್ತಿರುವಾಗ, ಶಕ್ತಿಯುಳ್ಳವರೆಲ್ಲ ದೂರ ನಿಂತಿರುವಾಗ, ಈ ಶಕ್ತಿಹೀನ ಬಾಲಕನು ಓಡಿಹೋಗುತ್ತಾನೆ. ಅದನ್ನು ಕಂಡ ನಾಡಿನ ಮಹಾವೀರನು ತನ್ನ ಶಕ್ತಿಗೆ ಇವನೇ ತಕ್ಕ ಉತ್ತರಾಧಿಕಾರಿಯೆಂದು ನಿರ್ಧರಿಸುತ್ತಾನೆ.

ಶಕ್ತಿಯನ್ನು ಕೊಡುವುದಕ್ಕೆ ಮೊದಲು ಆ ಗುರುವು ಬಾಲಕನಿಗೆ ಯಾವ ಕೆಲಸ ಹೇಳಿದನು ಗೊತ್ತೆ? ಕಸದ ರಾಶಿಯಾಗಿದ್ದ ಒಂದು ಸಮುದ್ರತೀರವನ್ನು ಸ್ವಚ್ಛಗೊಳಿಸುವ ಕೆಲಸ. ಹತ್ತು ತಿಂಗಳ ಕಾಲ ಬಾಲಕನು ಹಳೆಯ ಟಯರುಗಳನ್ನೂ ಕೆಟ್ಟ ಯಂತ್ರಗಳನ್ನೂ ಹೊತ್ತು ಸಾಗಿಸುತ್ತಾನೆ. ಹಾಗೆ ದುಡಿದು ಗಟ್ಟಿಯಾದ ದೇಹಕ್ಕೆ ಮಾತ್ರ ಆ ಶಕ್ತಿಯನ್ನು ತಾಳುವ ಯೋಗ್ಯತೆ ಬರುವುದು. ಆದರೂ ಮೊದಲ ದಿನಗಳಲ್ಲಿ ಅವನು ಶಕ್ತಿಯನ್ನು ಬಳಸಿದಾಗಲೆಲ್ಲ ಅವನ ಎಲುಬುಗಳೇ ಮುರಿಯುತ್ತವೆ. ಆ ಲೋಕದಲ್ಲಿ ಪರವಾನಿಗೆಯಿಲ್ಲದೆ ಶಕ್ತಿಯನ್ನು ಬಳಸುವುದು ಕಾನೂನಿಗೆ ವಿರುದ್ಧ. ಸೇಡು ತೀರಿಸಿಕೊಳ್ಳಲು ಹೋದ ವಿದ್ಯಾರ್ಥಿಯನ್ನೂ ಅವನಿಗೆ ಸಹಾಯ ಮಾಡಿದವರನ್ನೂ ಪೋಲೀಸ್ ಅಧಿಕಾರಿ ತರಾಟೆಗೆ ತೆಗೆದುಕೊಳ್ಳುತ್ತಾನೆ.

ಇದೆಲ್ಲ ಒಳ್ಳೆಯದೆ. ಆದರೆ ಇದೊಂದೇ ಪುಸ್ತಕದಲ್ಲಿದೆಯೆಂದು ಹೇಳಿದರೆ ನಾನು ಸತ್ಯವನ್ನು ಅರ್ಧ ಮುಚ್ಚಿಟ್ಟಂತಾಗುತ್ತದೆ. ಅಲ್ಲಿ ಹೊಡೆದಾಟದ ಪುಟಗಳು ಬಹಳ. ಅವು ರಭಸದಿಂದ, ರಕ್ತದಿಂದ ಕೂಡಿವೆ. ಕಥೆ ಮುಂದುವರಿದಂತೆ ಕ್ರೌರ್ಯವೂ ಸಾವೂ ಹೆಚ್ಚುತ್ತವೆ. ಕೆಲವು ಸ್ತ್ರೀಪಾತ್ರಗಳ ಉಡುಪನ್ನು ಚಿತ್ರಿಸಿದ ರೀತಿಯು ನನಗೆ ಹಿಡಿಸಲಿಲ್ಲ. ಇಂಗ್ಲಿಷಿನಲ್ಲಿ ಇದನ್ನು ಪ್ರಕಟಿಸಿದ ಅಮೆರಿಕೆಯ ‘ವಿಜ್ ಮೀಡಿಯಾ’ ಸಂಸ್ಥೆಯವರು ಪುಸ್ತಕದ ಮೇಲೆ ‘ಟಿ’ ಎಂಬ ಗುರುತನ್ನು ಹಾಕಿದ್ದಾರೆ. ಹದಿಹರೆಯದವರಿಗೆ, ಎಂದರೆ ಸುಮಾರು ಹದಿಮೂರು ವರ್ಷ ದಾಟಿದವರಿಗೆ, ಎಂದು ಅದರ ಅರ್ಥ. ಎಲ್ಲರೂ ಓದಬಹುದಾದ ಪುಸ್ತಕಗಳಿಗೆ ಒಂದು ಗುರುತು, ಹಿರಿಯ ಹದಿಹರೆಯದವರಿಗೆ ಇನ್ನೊಂದು, ವಯಸ್ಕರಿಗೆ ಮತ್ತೊಂದು ಹೀಗೆ ಅವರ ವಿಂಗಡಣೆಯಿದೆ. ಹಾಗಾದರೆ ಹದಿನಾಲ್ಕು ವರ್ಷದ ಅಣ್ಣನು ಗುರುತಿನ ಒಳಗಿದ್ದನು. ಆರು ವರ್ಷದ ತಮ್ಮನು ಹೊರಗಿದ್ದನು. ಆದರೆ ಅಷ್ಟು ಚಿಕ್ಕ ಅಕ್ಷರವನ್ನು ಆ ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ.

ಎಳೆಯರು ಏನನ್ನು ಓದಬೇಕು ಎಂಬ ಚಿಂತೆ ತಿಕೋಟಾದ ಒಂದು ಮನೆಯದು ಮಾತ್ರವಲ್ಲ. ದೊಡ್ಡ ದೇಶಗಳೂ ಅದರಲ್ಲಿ ತೊಡಗಿದ್ದುಂಟು. ಅಮೆರಿಕೆಯಲ್ಲಿ 1938ರಲ್ಲಿ ‘ಸೂಪರ್‌ಮ್ಯಾನ್’ ಎಂಬ ವೀರನು ಚಿತ್ರಕಥೆಯಲ್ಲಿ ಹುಟ್ಟಿದನು. ಅವನ ಹಿಂದೆಯೇ ನೂರಾರು ವೀರರು ಬಂದರು. ಕೊಲೆ, ಭೀತಿಗಳ ಪುಸ್ತಕಗಳೂ ಬಂದವು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು, ಇಂತಹ ಪುಸ್ತಕಗಳು ಮಕ್ಕಳನ್ನು ಕೆಡಿಸುತ್ತವೆಂದು ಗ್ರಂಥವೊಂದನ್ನೇ ಬರೆದರು. ಅಲ್ಲಿನ ಸೆನೆಟಿನ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ಅದೇ ವರ್ಷ ತಾವೇ ಒಂದು ನಿಯಮಾವಳಿಯನ್ನು ಮಾಡಿಕೊಂಡರು. ಕೇಡಿನ ಮೇಲೆ ಒಳಿತಿಗೇ ಜಯವಾಗಬೇಕು, ಭೀತಿಯನ್ನು ಸೂಚಿಸುವ ಮಾತು ಪುಸ್ತಕದ ಹೆಸರಿನಲ್ಲಿ ಇರಕೂಡದು ಎಂಬಂತಹ ನಿಯಮಗಳು ಅದರಲ್ಲಿದ್ದವು. ಒಪ್ಪಿಗೆ ಪಡೆದ ಪುಸ್ತಕದ ಮುಖಪುಟದ ಮೇಲೆ ಮುದ್ರೆ ಬೀಳುತ್ತಿತ್ತು. ಕಾಲಕ್ರಮದಲ್ಲಿ ಪ್ರಕಾಶಕರು ಒಬ್ಬೊಬ್ಬರಾಗಿ ಅದನ್ನು ಕೈಬಿಟ್ಟರು. 2011ರಲ್ಲಿ ಆ ಮುದ್ರೆ ಕೊನೆಗೊಂಡಿತು. 2012ರಲ್ಲಿ ಕ್ಯಾರಲ್ ಟಿಲ್ಲಿ ಎಂಬ ವಿದುಷಿ ವರ್ಥಮ್ ಅವರ ಹಳೆಯ ಕಾಗದಪತ್ರಗಳನ್ನು ಪರಿಶೀಲಿಸಿ, ಅವರು ಮಕ್ಕಳ ಹೇಳಿಕೆಗಳನ್ನು ತಮ್ಮ ವಾದಕ್ಕೆ ಒಪ್ಪುವಂತೆ ತಿದ್ದಿದ್ದರೆಂದು ತೋರಿಸಿದರು. ಕಾಳಜಿ ಎಷ್ಟೇ ಪ್ರಾಮಾಣಿಕವಾಗಿರಲಿ, ಸಾಕ್ಷ್ಯವನ್ನು ತಿದ್ದಿದರೆ ಆ ಕಾಳಜಿಯೇ ಸೋಲುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ದೇಶವೂ ಈ ವಿಷಯದಲ್ಲಿ ಸುಮ್ಮನಿರಲಿಲ್ಲ. ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳನ್ನು ತಡೆಯಲು 1956ರಲ್ಲಿ ಸಂಸತ್ತು ಒಂದು ಕಾಯಿದೆಯನ್ನು ಮಾಡಿತು. ಅಪರಾಧ, ಹಿಂಸೆ, ಕ್ರೌರ್ಯಗಳನ್ನೇ ಮುಖ್ಯವಾಗಿ ವರ್ಣಿಸುವ ಕಥೆಗಳನ್ನು, ಅವು ಚಿತ್ರಗಳಲ್ಲಿ ಹೇಳಿದವಾದರೂ ಸರಿಯೆ, ಅದು ಗಣನೆಗೆ ತೆಗೆದುಕೊಂಡಿತು. ಇಪ್ಪತ್ತು ವರ್ಷ ತುಂಬದವರನ್ನು ಎಳೆಯರೆಂದು ಪರಿಗಣಿಸಿತು. ಆ ಕಾಯಿದೆಯಲ್ಲಿ ಒಂದು ಜಾಣತನದ ಮಾತಿದೆ. ಪ್ರಕಟಣೆಯು ‘ಒಟ್ಟಾರೆಯಾಗಿ’ ಎಳೆಯರನ್ನು ಕೆಡಿಸುವಂತಿದ್ದರೆ ಮಾತ್ರ ಅದು ಹಾನಿಕರ. ಒಂದು ಪುಟವನ್ನೋ ಒಂದು ಚಿತ್ರವನ್ನೋ ಹಿಡಿದು ಪುಸ್ತಕಕ್ಕೆ ತೀರ್ಪು ಕೊಡಲಾಗದು. ಇಡೀ ಪುಸ್ತಕವನ್ನು ನೋಡಬೇಕು ಎಂದು ಇದರ ಭಾವ.

ಚಲನಚಿತ್ರಗಳಿಗೆ ನಮ್ಮಲ್ಲಿ ವಯಸ್ಸಿನ ಗುರುತು ಕಡ್ಡಾಯವಾಗಿದೆ. 1952ರ ಕಾಯಿದೆಯಿಂದ ಬಂದ ಈ ಪದ್ಧತಿಯನ್ನು 2023ರಲ್ಲಿ ತಿದ್ದುಪಡಿ ಮಾಡಿ, ‘ಯುಎ’ ಎಂಬ ವರ್ಗವನ್ನು ಏಳು, ಹದಿಮೂರು, ಹದಿನಾರು ವರ್ಷಗಳ ಮೂರು ಮೆಟ್ಟಿಲುಗಳಾಗಿ ವಿಂಗಡಿಸಿದರು. ಪುಸ್ತಕಗಳಿಗೆ ಅಂತಹ ಸರ್ಕಾರಿ ಗುರುತಿಲ್ಲ. ಪ್ರಕಾಶಕರು ತಾವಾಗಿ ಹಾಕಿದರೆ ಉಂಟು, ಇಲ್ಲವಾದರೆ ಇಲ್ಲ.

ಚಿತ್ರಕಥೆಯ ವಿಷಯದಲ್ಲಿ ಕನ್ನಡಿಗರು ಹೆಮ್ಮೆಪಡುವ ಒಂದು ಇತಿಹಾಸವಿದೆ. ‘ಅಮರ ಚಿತ್ರಕಥಾ’ ಮಾಲೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 1965ರಲ್ಲಿ ಬೆಂಗಳೂರಿನ ಪುಸ್ತಕ ವ್ಯಾಪಾರಿಗಳಾಗಿದ್ದ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಆ ಮಾಲೆಯ ಮೊದಲ ಪುಸ್ತಕಗಳು ಹೊರಬಂದದ್ದು ಕನ್ನಡದಲ್ಲಿ. ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಮಕ್ಕಳ ಕಥೆಗಳಾಗಿದ್ದವು, ಹನ್ನೊಂದನೆಯದು ‘ಕೃಷ್ಣ’. ಈ ಮಾಲೆಯನ್ನು ದೇಶದ ಮನೆಮನೆಗೆ ಮುಟ್ಟಿಸಿದ ಸಂಪಾದಕ ಅನಂತ ಪೈ ಅವರೂ ನಮ್ಮವರೇ. ಅವರು 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದರು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡರು. 1967ರಲ್ಲಿ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವೊಂದರಲ್ಲಿ ಮಕ್ಕಳು ಗ್ರೀಕರ ದೇವತೆಗಳ ಬಗೆಗೆ ಉತ್ತರ ಹೇಳಿ, ರಾಮನ ತಾಯಿಯ ಹೆಸರು ಕೇಳಿದಾಗ ತಡವರಿಸಿದ್ದನ್ನು ಕಂಡು ಅವರು ಈ ಕಾರ್ಯಕ್ಕೆ ಕಟಿಬದ್ಧರಾದರೆಂದು ಹೇಳುತ್ತಾರೆ. 1980ರಲ್ಲಿ ಅವರು ‘ಟಿಂಕಲ್’ ಎಂಬ ಮಕ್ಕಳ ಪತ್ರಿಕೆಯನ್ನು ಆರಂಭಿಸಿದರು. 2011ರಲ್ಲಿ ತೀರಿಕೊಳ್ಳುವವರೆಗೂ ಅವರು ದೇಶದ ಮಕ್ಕಳಿಗೆ ‘ಪೈ ಅಂಕಲ್’ ಆಗಿದ್ದರು.

ನಮ್ಮ ಪುರಾಣಗಳ ಚಿತ್ರಕಥೆಗಳಲ್ಲಿ ಯುದ್ಧವಿಲ್ಲವೆ, ವಧೆಯಿಲ್ಲವೆ? ಇವೆ. ಕಂಸನ ವಧೆಯೂ ಕೀಚಕನ ವಧೆಯೂ ಸೌಮ್ಯವಾದ ಸಂಗತಿಗಳಲ್ಲ. ಆದುದರಿಂದ ಹಿಂಸೆ ಹೊರದೇಶದ ಪುಸ್ತಕಗಳಲ್ಲಿ ಮಾತ್ರವಿದೆ, ನಮ್ಮಲ್ಲಿಲ್ಲ ಎಂದು ಹೇಳುವುದು ನ್ಯಾಯವಲ್ಲ. ಹಾಗೆಯೇ 1997ರಿಂದ 2005ರವರೆಗೆ ದೂರದರ್ಶನದಲ್ಲಿ ಬಂದ ‘ಶಕ್ತಿಮಾನ್’ ನಮ್ಮ ದೇಶದವನೇ ಆದ ವೀರ. ಮಕ್ಕಳು ಅವನನ್ನು ಅನುಕರಿಸಿ ಅಪಾಯಕ್ಕೆ ಒಳಗಾಗುತ್ತಿದ್ದಾರೆಂಬ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಆಗ ಆ ಪಾತ್ರ ವಹಿಸಿದ್ದ ಮುಕೇಶ್ ಖನ್ನಾ ಅವರೇ ತೆರೆಯ ಮೇಲೆ ಬಂದು, ಇಂತಹ ಸಾಹಸಗಳನ್ನು ಅನುಕರಿಸಬೇಡಿರೆಂದು ಮಕ್ಕಳಿಗೆ ಹೇಳಿದರು. ಅಜ್ಜನು ಕಂಬಳಿಯೊಳಗೆ ಹೇಳುತ್ತಿದ್ದ ಮಾತನ್ನು ಅಲ್ಲಿ ವೀರನೇ ಹೇಳಬೇಕಾಯಿತು!

ಹಾಗಾದರೆ ವಯಸ್ಸು ಎಂಬುದಕ್ಕೂ ಓದಿಗೂ ಇರುವ ಸಂಬಂಧವೇನು? ಅಳಿಯನ ಮಾತಿನಲ್ಲಿಯೇ ಇದಕ್ಕೆ ಉತ್ತರವಿದೆ. ತಮ್ಮನು ಓದಲಿಲ್ಲ, ಚಿತ್ರ ಮಾತ್ರ ನೋಡಿದನು. ಚಿತ್ರದಲ್ಲಿ ವೀರನು ಹಾರುತ್ತಾನೆ. ಹಾರುವುದಕ್ಕೆ ಮೊದಲು ಅವನು ಪಟ್ಟ ಹತ್ತು ತಿಂಗಳ ಶ್ರಮ ಮಾತಿನಲ್ಲಿದೆ. ಚಿತ್ರದಲ್ಲಿ ಹೊಡೆತವಿದೆ, ಹೊಡೆದವನ ಪಶ್ಚಾತ್ತಾಪ ಮಾತಿನಲ್ಲಿದೆ. ಚಿತ್ರದಲ್ಲಿ ಜಯವಿದೆ, ಆ ಜಯಕ್ಕೆ ತೆತ್ತ ಬೆಲೆ ಮಾತಿನಲ್ಲಿದೆ. ಆರು ವರ್ಷದ ಮಗುವಿಗೆ ಈ ಪುಸ್ತಕದ ಅರ್ಧ ಭಾಗವೇ ಕಾಣದು. ಅದೂ ಅಲ್ಲದೆ ಆ ವಯಸ್ಸಿನಲ್ಲಿ ಕಥೆಗೂ ನಿಜಕ್ಕೂ ನಡುವಿನ ಗೆರೆ ಇನ್ನೂ ತೆಳುವಾಗಿರುತ್ತದೆ. ಇಂದಿನ ಕೆಲಸಕ್ಕೆ ನಾಳೆ ಬರುವ ಫಲವನ್ನು ಮುಂಚಿತವಾಗಿ ಕಾಣುವ ಶಕ್ತಿ ಮೆಲ್ಲಮೆಲ್ಲನೆ ಬೆಳೆಯತಕ್ಕದ್ದು. ಹೀಗೆ ಅಣ್ಣನ ಕೈಯಲ್ಲಿದ್ದದ್ದೂ ತಮ್ಮನ ಕೈಯಲ್ಲಿದ್ದದ್ದೂ ಒಂದೇ ಪುಸ್ತಕವಾದರೂ, ಅವರು ಕಂಡದ್ದು ಎರಡು ಬೇರೆ ಪುಸ್ತಕಗಳನ್ನು. ವಯಸ್ಸಿನ ಗುರುತು ಪುಸ್ತಕವನ್ನು ಕುರಿತು ಹೇಳುವ ಮಾತಲ್ಲ. ಅದನ್ನು ಪೂರ್ತಿಯಾಗಿ ಓದಬಲ್ಲವರು ಯಾರು ಎಂದು ಹೇಳುವ ಮಾತು.

ಮರುದಿನ ಬೆಳಿಗ್ಗೆ ನಾನು ಹುಡುಗನನ್ನು ಮತ್ತೊಂದು ಪ್ರಶ್ನೆ ಕೇಳಿದೆ: “ತಮ್ಮ ಬರೇ ಚಿತ್ರಾ ನೋಡಿದ. ನೀ ಪೂರಾ ಓದೀಯೇನು?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದನು. “ಹೊಡೆದಾಟದ ಪುಟಾ ಮೊದಲ ಓದೀನಿ ಮಾಮಾ. ಮಾತು ಬಾಳ ಇದ್ದಲ್ಲೆ ಜಿಗದೀನಿ” ಎಂದು ನಿಜವನ್ನೇ ಒಪ್ಪಿಕೊಂಡನು.

ಅವನು ನಿಜ ಹೇಳಿದ್ದು ನನಗೆ ಸಂತೋಷವಾಯಿತು. ನಾನು ಅವನ ತಂದೆಯನ್ನು ಕರೆದು, ಪುಸ್ತಕಗಳನ್ನು ಒಲೆಗೆ ಹಾಕುವ ಮೊದಲು ಒಂದು ಗಳಿಗೆ ನಮ್ಮ ಜೊತೆ ಕುಳಿತುಕೊಳ್ಳಬೇಕೆಂದು ಕೇಳಿಕೊಂಡೆ. ಅಳಿಯನಿಗೆ ಒಂದು ಭಾಗವನ್ನು ತೆರೆದು ಕೊಟ್ಟು, ತಂದೆಗೆ ಕನ್ನಡದಲ್ಲಿ ಹೇಳುತ್ತ ಹೋಗು ಎಂದೆ. ಅದು ಅವನು ಹಾರಿಸಿ ಬಿಟ್ಟಿದ್ದ ಭಾಗ.

ಶಾಲೆಯ ಮೇಲೆ ದುಷ್ಟರ ದಾಳಿಯಾಗಿ ಮಕ್ಕಳಿಗೆ ಅಪಾಯವಾದ ಬಳಿಕ, ಗುರುವು ಇಜುಕುವಿನ ಮನೆಗೆ ಬರುತ್ತಾನೆ. ಮಕ್ಕಳನ್ನೆಲ್ಲ ಶಾಲೆಯ ವಸತಿಗೃಹದಲ್ಲಿಯೇ ಇರಿಸಿಕೊಳ್ಳಲು ತಂದೆತಾಯಿಗಳ ಒಪ್ಪಿಗೆ ಬೇಕು. ಉಳಿದವರೆಲ್ಲ ಆ ಮಹಾವೀರನನ್ನು ಪೂಜಿಸುತ್ತಾರೆ. ಈ ತಾಯಿ ಮಾತ್ರ, ಮಗನು ಮತ್ತೆ ಮತ್ತೆ ಕೈ ಮುರಿದುಕೊಂಡು ಬರುವುದನ್ನು ನಾನು ನೋಡಲಾರೆ, ಆ ಶಾಲೆಗೆ ಇನ್ನು ಅವನನ್ನು ಕಳುಹಿಸಲಾರೆ ಎಂದು ನೇರವಾಗಿ ನುಡಿಯುತ್ತಾಳೆ. ಇಡೀ ನಾಡೇ ನಮಸ್ಕರಿಸುವ ವೀರನು ಆಗ ಏನು ಮಾಡುತ್ತಾನೆ? ಆ ತಾಯಿಯ ಮುಂದೆ ನೆಲಕ್ಕೆ ತಲೆಬಾಗಿಸಿ ಕ್ಷಮೆ ಕೇಳುತ್ತಾನೆ. ಮಗನನ್ನು ಕಾಪಾಡಿ ಬೆಳೆಸುತ್ತೇನೆಂದು ಬೇಡಿಕೊಳ್ಳುತ್ತಾನೆ. ನೀವೂ ಸಾಯದೆ ಬದುಕಿದ್ದು ಅವನನ್ನು ಬೆಳೆಸಬೇಕು ಎಂಬ ನಿಬಂಧನೆಯ ಮೇಲೆ ತಾಯಿ ಒಪ್ಪುತ್ತಾಳೆ.

ಹುಡುಗನು ತಡೆತಡೆದು ಇದನ್ನೆಲ್ಲ ಹೇಳಿದನು. ನನ್ನ ತಂಗಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಪ್ಲಾಸ್ಟರು ಹಾಕಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಕಿರಿಯವನೂ ಕೇಳುತ್ತಿದ್ದನು. ಕಥೆ ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅವರ ತಂದೆ, “ಆ ತಾಯಿ ಮಾತಾಡಿದ್ದು ನಾವು ಮಾತಾಡಿದಂಗ ಐತಿ” ಎಂದನು. ಅಂಗಳದಲ್ಲಿದ್ದ ಪುಸ್ತಕಗಳನ್ನು ತಾನೇ ತಂದು ಮಣ್ಣು ಒರೆಸಿದನು.

ಆದರೆ ಪುಸ್ತಕಗಳು ಮೊದಲಿದ್ದ ಜಾಗಕ್ಕೆ ಮರಳಲಿಲ್ಲ. ಮನೆಯವರೆಲ್ಲ ಕೂಡಿ ಮೂರು ಕಟ್ಟಳೆಗಳನ್ನು ಮಾಡಿಕೊಂಡರು. ಈ ಸಂಪುಟಗಳು ತಮ್ಮನ ಕೈಗೆ ನಿಲುಕದ ಗೂಡಿನಲ್ಲಿರಬೇಕು. ಅಣ್ಣನು ಓದಿದ ಸಂಪುಟದ ಕಥೆಯನ್ನು ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆ ಹೇಳಬೇಕು; ಹೇಳಲು ಸಂಕೋಚವೆನಿಸುವ ಪುಟವೇನಾದರೂ ಇದ್ದರೆ ಅದನ್ನು ಕುರಿತೇ ಮೊದಲು ಮಾತನಾಡಬೇಕು. ತಮ್ಮನಿಗೆ ಅವನ ವಯಸ್ಸಿಗೆ ತಕ್ಕ ಕಥೆಗಳನ್ನು ಅಣ್ಣನೇ ಪಕ್ಕದಲ್ಲಿ ಕುಳಿತು ಓದಿ ಹೇಳಬೇಕು. ಕೊನೆಯ ಕಟ್ಟಳೆಯನ್ನು ಸೂಚಿಸಿದವನು ಹಿರಿಯ ಹುಡುಗನೇ.

ಕೆಲವು ತಿಂಗಳುಗಳ ಬಳಿಕ ನಾನು ಮತ್ತೆ ಹೋದಾಗ ಕಿರಿಯವನ ಕೈ ಕೂಡಿಕೊಂಡಿತ್ತು. ಹಿರಿಯವನು ಒಂದು ಸಂಗತಿಯನ್ನು ಹೇಳಿದನು. ಬಬಲೇಶ್ವರದಲ್ಲಿರುವ ಅವನ ಅತ್ತೆಯ ಮಗನು ಈ ಪುಸ್ತಕಗಳನ್ನು ಕೇಳಿದನಂತೆ. ತನಗಲ್ಲ, ಎಂಟು ವರ್ಷದ ತಂಗಿಗೆ ಚಿತ್ರ ನೋಡಲು. ಇವನು ಕೊಡಲಿಲ್ಲ. “ಆಕಿಗಿ ಇನ್ನ ಐದು ವರ್ಷ ತಡೀಬೇಕು ಅಂದೆ ಮಾಮಾ. ನೀ ಓದತಿದ್ರ ಒಯ್ಯಿ, ಆದ್ರ ಪೂರಾ ಓದಬೇಕು ಅಂದೆ” ಎಂದನು. ಮುಂದಿನ ಸಂಪುಟಗಳಲ್ಲೊಂದು ತನಗೇ ಬಹಳ ಕ್ರೂರವೆನಿಸಿದ್ದರಿಂದ ಅದನ್ನು ಅರ್ಧಕ್ಕೇ ನಿಲ್ಲಿಸಿದ್ದೇನೆಂದೂ ಹೇಳಿದನು. ಆ ಪುಸ್ತಕದ ಮೇಲೂ ‘ಟಿ’ ಎಂಬ ಗುರುತೇ ಇತ್ತು. ಗುರುತು ಬಿಡುತ್ತಿದ್ದರೂ ಅವನ ವಿವೇಕ ತಡೆಯಿತು. ಗುರುತು ಹಾಕಿದವರು ಅವನನ್ನು ಕಂಡವರಲ್ಲ. ಅವನನ್ನು ಅವನು ಬಲ್ಲನು.

ವಿದ್ಯಾರ್ಥಿಗಳೆ, ನೀವು ಈಗ ಹೊಸ್ತಿಲ ಮೇಲೆ ನಿಂತಿರುವಿರಿ. ಒಂದು ಕಡೆ ನಿಮಗಿಂತ ಚಿಕ್ಕವರಿದ್ದಾರೆ. ನೀವು ಓದಿ ಬಿಟ್ಟದ್ದನ್ನು ಅವರು ಎತ್ತಿಕೊಳ್ಳುತ್ತಾರೆ. ಇನ್ನೊಂದು ಕಡೆ ಹಿರಿಯರಿದ್ದಾರೆ. ನೀವು ಓದುವುದೇನೆಂದು ತಿಳಿಯದೆ ಅವರು ಹೆದರುತ್ತಾರೆ. ಚಿಕ್ಕವರಿಗೆ ನೀವು ಕಂಬಳಿಯೊಳಗಿನ ಅಜ್ಜನಾಗಬೇಕು. ಹಿರಿಯರೊಡನೆ ಓದಿದ್ದನ್ನು ಮುಚ್ಚಿಡದೆ ಮಾತನಾಡಬೇಕು. ಹೊಡೆದಾಟದ ಪುಟಗಳನ್ನಷ್ಟೇ ತಿರುವಿ ಹಾಕುವವನು ಹದಿನಾಲ್ಕು ವರ್ಷದವನಾದರೂ ಆರು ವರ್ಷದವನಂತೆಯೇ ಓದಿದನೆಂದು ತಿಳಿಯಬೇಕು.

ಇನ್ನು ಮೇಲೆ ಯಾವ ದೇಶದ ವೀರನೇ ನಿಮ್ಮ ಪುಸ್ತಕದ ಪುಟದಲ್ಲಿ ಬಂದು ನಿಂತರೂ, ನಮ್ಮ ದೊಡ್ಡಾಟದ ಸಾರಥಿಯಂತೆ ಅವನನ್ನು ತಡೆದು ಕೇಳಿರಿ: ನೀನು ಯಾರು? ಯಾವ ಕಾರಣಕ್ಕೆ ಬಂದೆ? ಯಾರ ಮೇಲೆ ಕೈಯೆತ್ತುವೆ, ಏಕೆ ಎತ್ತುವೆ? ಎತ್ತಿದ ಕೈಗೆ ನೀನು ತೆತ್ತ ಬೆಲೆಯೇನು? ಇದಕ್ಕೆಲ್ಲ ತಕ್ಕ ಉತ್ತರ ಕೊಟ್ಟ ವೀರನೊಡನೆ ನಿರ್ಭಯವಾಗಿ ಮುಂದಿನ ಪುಟಕ್ಕೆ ಹೋಗಿರಿ. ಉತ್ತರವಿಲ್ಲದೆ ಅಬ್ಬರಿಸುವವನನ್ನು ಅಲ್ಲಿಯೇ ಬಿಟ್ಟು ಪುಸ್ತಕವನ್ನು ಮುಚ್ಚಿರಿ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ದೊಡ್ಡಾಟದಲ್ಲಿ ಸಾರಥಿಯು ವೀರನನ್ನು ಏನೆಂದು ಕೇಳುತ್ತಾನೆ?
2. ಅಮರ ಚಿತ್ರಕಥಾ ಮಾಲೆಯ ಮೊದಲ ಪುಸ್ತಕಗಳು ಯಾವ ಭಾಷೆಯಲ್ಲಿ ಹೊರಬಂದವು?
3. ಅನಂತ ಪೈ ಅವರು ಹುಟ್ಟಿದ ಊರು ಯಾವುದು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಅಣ್ಣತಮ್ಮಂದಿರು ಕಂಡದ್ದು ಎರಡು ಬೇರೆ ಪುಸ್ತಕಗಳನ್ನು ಎಂದು ಲೇಖಕರು ಏಕೆ ಹೇಳುತ್ತಾರೆ?
2. 1956ರ ಕಾಯಿದೆಯಲ್ಲಿರುವ ‘ಒಟ್ಟಾರೆಯಾಗಿ’ ಎಂಬ ಮಾತಿನ ಮಹತ್ವವೇನು?
3. ತಿಕೋಟಾದ ಮನೆಯವರು ಮಾಡಿಕೊಂಡ ಮೂರು ಕಟ್ಟಳೆಗಳು ಯಾವುವು?

ಇ) ಸಂದರ್ಭಸಹಿತ ವಿವರಿಸಿರಿ.
1. “ಅಂವಾ ಓದೇ ಇಲ್ಲ. ಬರೇ ಚಿತ್ರಾ ನೋಡ್ಯಾನ.”
2. “ಆ ತಾಯಿ ಮಾತಾಡಿದ್ದು ನಾವು ಮಾತಾಡಿದಂಗ ಐತಿ.”

ಈ) ನೀವು ಓದಿದ ಒಂದು ಚಿತ್ರಕಥೆಯನ್ನು ಆರಿಸಿಕೊಂಡು, ಅದರ ವೀರನಿಗೆ ಸಾರಥಿಯ ಪ್ರಶ್ನೆಗಳನ್ನು ಕೇಳಿರಿ. ಆ ಪುಸ್ತಕವು ಯಾವ ವಯಸ್ಸಿನವರಿಗೆ ತಕ್ಕದ್ದು ಎಂಬುದನ್ನು ಕಾರಣಸಹಿತ ಬರೆಯಿರಿ.